ಬೀರುವಿನಲ್ಲಿ ಭದ್ರವಾಗಿದೆ

ಕೆರೆಗದ್ದೆ, ಹೊಸನಗರ ತಾಲ್ಲೂಕು
12-5-2025, ಸೋಮವಾರ

ನಿರಂಜನ ಮೇಷ್ಟ್ರಿಗೆ ಗಾನವಿಯ ತಾಯಿ ಕೆರಿಯಮ್ಮ ಮಾಡುವ ನಮಸ್ಕಾರ.

ಮೊನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು ಮೇಷ್ಟ್ರೇ. ಉದ್ದನೆಯ ಒಂದು ಹಾಲ್. ಬಿಳಿ ಬಟ್ಟೆಯ ಹುಡುಗಿಯರು ಸಾಲಾಗಿ ಕೂತಿದ್ದಾರೆ. ಯಾರೋ ಹಾಜರಿ ಕರೆಯುತ್ತಿದ್ದಾರೆ. ‘ಗಾನವಿ’ ಅಂದರು. ಹಿಂದಿನ ಸಾಲಿನಿಂದ ಇನ್ಯಾವುದೋ ಹುಡುಗಿ ಎದ್ದು ನಿಂತು ‘ಪ್ರೆಸೆಂಟ್’ ಅಂದಳು. ಅವಳ ಬೆನ್ನು ಮಾತ್ರ ಕಾಣುತ್ತದೆ. ನನ್ನ ಮಗಳು ಬಾಗಿಲ ಹೊರಗೆ ನನ್ನ ಪಕ್ಕದಲ್ಲೇ ನಿಂತಿದ್ದಾಳೆ, ಅವಳನ್ನು ಯಾರೂ ನೋಡುತ್ತಿಲ್ಲ. ಇವಳು ಇಲ್ಲಿದ್ದಾಳೆ ಅಂತ ಕೂಗಬೇಕು, ಆದರೆ ನನ್ನ ಬಾಯಿ ತುಂಬ ಅವಲಕ್ಕಿ. ನುಂಗಲೂ ಆಗದು, ಉಗುಳಲೂ ಆಗದು. ಬೆವತು ಎದ್ದೆ.

ಗಾನವಿಗೆ ಹೇಳಿದರೆ ನಗುತ್ತಾಳೆ. "ಕನಸಲ್ಲೂ ತಿಂತಾ ಇರ್ತೀಯಲ್ಲ ಮಾರಾಯ್ತಿ" ಅಂದಳು. ಅವಳಿಗೆ ನಗಲು ಸುಲಭ.

ನಿಮಗೆ ನನ್ನ ನೆನಪಿದೆಯೋ ಇಲ್ಲವೋ. ಫೆಬ್ರವರಿಯಲ್ಲಿ ನಿಮ್ಮ ಕಾಲೇಜಿನಲ್ಲಿ ‘ಪಿಯುಸಿ ಆಯಿತು, ಮುಂದೇನು’ ಎಂಬ ಶಿಬಿರ ಮಾಡಿದಿರಲ್ಲ, ಆವತ್ತು ಮೂರನೇ ಸಾಲಿನಲ್ಲಿ ಕೂತಿದ್ದೆ. ಪೋಷಕರು ಪ್ರಶ್ನೆ ಕೇಳಬಹುದು ಅಂದಾಗ ಎದ್ದು, ಹಾಸ್ಟೆಲಿನ ವಾರ್ಡನ್ ಹೆಂಗಸೋ ಗಂಡಸೋ ಅಂತ ಕೇಳಿದವಳು ನಾನೇ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಅದಕ್ಕೇ ನಿಮಗೆ ಬರೆಯುವ ಧೈರ್ಯ ಬಂತು.

ಆ ಶಿಬಿರಕ್ಕೆ ರಾಜ್ಯದ ಗಡಿಯಾಚೆಯ ನರ್ಸಿಂಗ್ ಕಾಲೇಜಿನಿಂದ ಗಿರಿಧರ ಎನ್ನುವವರು ಬಂದು ಸಾಗರ, ಹೊಸನಗರ, ತೀರ್ಥಹಳ್ಳಿಯ ಏಳು ಮಕ್ಕಳನ್ನು ಆರಿಸಿದರಲ್ಲ. ಓದು, ಊಟ ಬಿಟ್ಟಿ, ಮುಗಿದ ಮೇಲೆ ಅಲ್ಲೇ ಕೆಲಸ ಅಂದರು. ಜೂನ್ ಹತ್ತಕ್ಕೆ ಅವರದೇ ಗಾಡಿ ಬರುತ್ತದಂತೆ. ಗಾನವಿ ಆಗಲೇ ಬ್ಯಾಗು ತೊಳೆದು ಒಣಗಿಸಿದ್ದಾಳೆ. ಚಿಕ್ಕಂದಿನಿಂದ ನರ್ಸ್ ಆಗಬೇಕು ಅಂತ ಒಂದೇ ಹಟ.

ನನಗೆ ಎರಡು ವಿಷಯ ತಿಳಿಯಬೇಕು. ನಮ್ಮ ಪಕ್ಕದ ಮನೆ ಹುಲಿಯಮ್ಮನ ಮಗಳು ಲಿಖಿತಾ ಹೋದ ವರ್ಷ ಇದೇ ಗಿರಿಧರನವರ ಗಾಡಿಯಲ್ಲಿ ಹೋದಳು. ನಿಮ್ಮ ವಿದ್ಯಾರ್ಥಿನಿಯೇ. ಭೂಮಿ ಹುಣ್ಣಿಮೆಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ, ಅಣ್ಣನ ಮದುವೆಗೂ ಬರಲಿಲ್ಲ. ಅವಳು ಹೇಗಿದ್ದಾಳೆ? ಇನ್ನೊಂದು, ಗಾನವಿಯ ಎಸ್ಸೆಸ್ಸೆಲ್ಸಿ ಕಾರ್ಡು, ಟಿಸಿ, ಈಗ ಬಂದ ಪಿಯುಸಿ ಕಾರ್ಡು ನಿಮ್ಮ ಕಾಲೇಜಿನಲ್ಲೇ ಇವೆ. ಮನೆಗೆ ತಂದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮುಂದೆ ಒಪ್ಪುವುದಿಲ್ಲ ಅಂತ ನೀವೇ ಹೇಳಿದ್ದಿರಿ. ಅದಕ್ಕೆ ನಮ್ಮ ಕಡೆಯವರೆಲ್ಲ ಒರಿಜಿನಲ್‌ಗಳನ್ನು ನಿಮ್ಮ ಬೀರುವಿನಲ್ಲೇ ಬಿಟ್ಟಿರುತ್ತೇವೆ. ಅವು ಅಲ್ಲೇ ಇವೆ ತಾನೇ?

ದಯವಿಟ್ಟು ಫೋನ್ ಮಾಡಬೇಡಿ. ಫೋನ್ ಇರುವುದು ಗಾನವಿಯ ಕೈಯಲ್ಲಿ. ಸಿಗ್ನಲ್ಲಿಗೆ ದರೆಯ ದಿಬ್ಬ ಹತ್ತಬೇಕು, ಅವಳು ಪಕ್ಕದಲ್ಲೇ ನಿಂತಿರುತ್ತಾಳೆ. ಬಾಯಲ್ಲಿ ಹೇಳಿದ್ದು ನನಗೆ ಅರ್ಧ ಮರೆತು ಹೋಗುತ್ತದೆ. ಕಾಗದವಾದರೆ ನಾಲ್ಕು ಸಲ ಓದಬಹುದು. ನಾನು ಸಹಾಯಕಿಯಾಗಿರುವ ಅಂಗನವಾಡಿಯ ವಿಳಾಸಕ್ಕೆ ಬರೆಯಿರಿ. ತಪ್ಪು ಬರೆದಿದ್ದರೆ ಕ್ಷಮಿಸಿ, ನಾನು ಓದಿದ್ದು ಏಳನೆಯದು ಅರ್ಧ.

ಕೆರಿಯಮ್ಮ


ತೀರ್ಥಹಳ್ಳಿ
17-5-2025

ಶ್ರೀಮತಿ ಕೆರಿಯಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಕೈಬರಹದ ಕಾಗದ ಬಂದು ಎಷ್ಟೋ ವರ್ಷವಾಗಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ವಾರ್ಡನ್ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. ಅದು ಒಳ್ಳೆಯ ಪ್ರಶ್ನೆಯೇ.

ಹನ್ನೊಂದು ವರ್ಷದಿಂದ ನಮ್ಮ ಕಾಲೇಜಿನ ವೃತ್ತಿ ಮಾರ್ಗದರ್ಶನ ಘಟಕವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಯಾವ ಕೋರ್ಸು, ಯಾವ ಕಾಲೇಜು, ಯಾವ ತಾರೀಖಿನೊಳಗೆ ಅರ್ಜಿ ಎಂದು ಗೋಡೆಯ ಮೇಲೆ ಚಾರ್ಟ್ ಬರೆದು ಹಾಕುತ್ತೇನೆ. ನನಗೆ ಅರ್ಥವಾಗಿರುವುದೇನೆಂದರೆ, ನಮ್ಮ ಕಡೆಯ ಮಕ್ಕಳಿಗೆ ಬುದ್ಧಿಯ ಕೊರತೆಯಿಲ್ಲ. ಮನೆಯವರ ಭಯವೇ ಅವರನ್ನು ಹಿಡಿದು ನಿಲ್ಲಿಸುತ್ತದೆ. ಶೇಕಡ ಎಂಬತ್ತೇಳು ಪಡೆದ ಹುಡುಗಿಯನ್ನು ಕನಸಿನ ಕಾರಣಕ್ಕೆ ಮನೆಯಲ್ಲಿ ಕೂರಿಸಬೇಡಿ. ನಿಮ್ಮ ಕನಸಿಗೂ ಅಡ್ಮಿಷನ್ನಿಗೂ ಸಂಬಂಧವಿಲ್ಲ.

ಲಿಖಿತಾ ಬಹಳ ಚೆನ್ನಾಗಿದ್ದಾಳೆ. ಮೊದಲ ಸೆಮಿಸ್ಟರಿನಲ್ಲಿ ತರಗತಿಗೆ ಮೂರನೆಯವಳಾಗಿ ಬಂದಳೆಂದು ಗಿರಿಧರ ಅವರೇ ತಿಳಿಸಿದ್ದಾರೆ. ಆಸ್ಪತ್ರೆಯ ತರಬೇತಿ ಇರುವವರಿಗೆ ಹಬ್ಬದ ರಜೆ ಸಿಗುವುದಿಲ್ಲ. ರೋಗಿಗಳಿಗೆ ದೀಪಾವಳಿ ಇರುತ್ತದೆಯೇ ಹೇಳಿ.

ಗಾನವಿಯ ದಾಖಲೆಗಳೆಲ್ಲ ಕಾಲೇಜಿನ ಬೀರುವಿನಲ್ಲಿ ಭದ್ರವಾಗಿವೆ. ಆ ಚಿಂತೆ ಬಿಡಿ. ಜೂನ್ ಹತ್ತರ ಬೆಳಿಗ್ಗೆ ಎಂಟಕ್ಕೆ ಹೊಸನಗರದ ಬಸ್ ನಿಲ್ದಾಣದಲ್ಲಿ ಸಿದ್ಧವಾಗಿರಲಿ. ಬೆಚ್ಚಗಿನ ಬಟ್ಟೆ, ಆರು ಫೋಟೊ ಇದ್ದರೆ ಸಾಕು.

ನಿಮ್ಮವ,
ನಿರಂಜನ


ಕೆರೆಗದ್ದೆ
26-5-2025, ಸೋಮವಾರ

ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಾಲ್ಕು ದಿನ ಸಮಾಧಾನವಾಗಿದ್ದೆ. ಬೀರುವಿನಲ್ಲಿ ಭದ್ರವಾಗಿವೆ ಅಂತ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ. ಐದನೇ ದಿನ ಮತ್ತೆ ಶುರುವಾಯಿತು. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ. ಒಲೆ ಆರಿಸಿದ್ದೇನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಅಂಗನವಾಡಿಗೆ ವಾಪಸ್ ಹೋಗುವವಳು ನಾನು.

ನಿನ್ನೆ ಭಾನುವಾರ. ಲಿಖಿತಾ ಫೋನ್ ಮಾಡುವುದು ಭಾನುವಾರ ಹನ್ನೊಂದಕ್ಕೆ. ನಾನು ಒಂದು ಪಾತ್ರೆ ಕೆಸುವಿನ ಸೊಪ್ಪಿನ ಸಾರು ಹಿಡಿದುಕೊಂಡು ಹುಲಿಯಮ್ಮನ ಜೊತೆ ದರೆ ಹತ್ತಿದೆ. ಅಲ್ಲಿಗೆ ಎಂತಕ್ಕೆ ಸಾರು ಅಂತ ಅವಳು ಕೇಳಲೂ ಇಲ್ಲ, ಅಷ್ಟು ಗಡಿಬಿಡಿ ಅವಳಿಗೆ. ಫೋನ್ ಬಂತು.

"ಊಟ ಆತನೇ?" ಹುಲಿಯಮ್ಮ ಕೇಳಿದಳು.

"ಆಯ್ತು."

"ಬಿಳಿ ದನ ಕರ ಹಾಕ್ತು ಕಣೆ. ಹೆಣ್ಣು ಕರ. ನಿನ್ ಹೆಸ್ರೇ ಇಟ್ಟಿದೀವಿ."

"ಹೂಂ."

ಆ ದನವನ್ನು ಸಾಕಿದ್ದೇ ಲಿಖಿತಾ, ಮೇಷ್ಟ್ರೇ. ಪರೀಕ್ಷೆಯ ದಿನವೂ ಅದಕ್ಕೆ ಹುಲ್ಲು ಹಾಕಿ ಬಸ್ಸಿಗೆ ಓಡಿದವಳು. ಬರೀ ಹೂಂ ಅಂದಳು.

ನಾನು ಫೋನ್ ಇಸಿದುಕೊಂಡೆ. "ಲಿಖೀ, ನಾನು ಕೆರಿಯತ್ತೆ. ಗಾನವಿನೂ ಅಲ್ಲಿಗೇ ಬರ್ತಿದಾಳೆ. ನೀನು ಯಾವ ವಾರ್ಡಲ್ಲಿ ಕೆಲ್ಸ ಮಾಡ್ತೀಯಾ? ಅವ್ಳಿಗೆ ಎಂತ ಕೊಟ್ಟು ಕಳಿಸ್ಲಿ?"

ಅವಳು ಉಸಿರಾಡುವುದು ಕೇಳುತ್ತಿತ್ತು. ಅವಳ ಹಿಂದೆ ಯಾರೋ ಕೆಮ್ಮಿದರು. ವಯಸ್ಸಾದವರು ಕೆಮ್ಮುವ ಹಾಗೆ, ಹತ್ತಿರದಿಂದ. ಆಮೇಲೆ ಲಿಖಿತಾ, "ಅತ್ತೆ, ಗಾನವಿಗೆ…" ಅಂದಳು. ಲೈನ್ ಕಟ್ ಆಯಿತು. ನಾವು ಹನ್ನೆರಡೂವರೆ ತನಕ ಅಲ್ಲೇ ಕೂತೆವು. ಮತ್ತೆ ಬರಲಿಲ್ಲ.

ಇಳಿಯುವಾಗ ನಾನು ಸುಮ್ಮನಿರಲಾರದೆ, "ಅಲ್ಲ ಹುಲಿಯಕ್ಕಾ, ಒಂದ್ ಸಲ ಹೋಗಿ ನೋಡ್ಕಂಡು ಬರಬಾರ್ದಾ?" ಅಂದೆ.

"ನೋಡು, ನಿನ್ ಮಗ್ಳನ್ನ ಕಳ್ಸಕ್ಕೆ ಮನ್ಸಿಲ್ದಿದ್ರೆ ಕಳಿಸ್ಬೇಡ. ನನ್ ಮಗ್ಳ ಮೇಲೆ ಕಣ್ಣು ಹಾಕ್ಬೇಡ" ಅಂತ ಅವಳು ನಾನು ಕೊಟ್ಟಿದ್ದ ಸಾರಿನ ಪಾತ್ರೆಯನ್ನು ವಾಪಸ್ ನನ್ನ ಕೈಗೇ ಇಟ್ಟು ಹೋದಳು. ಆದರೆ ಮನೆಗೆ ಹೋಗಲಿಲ್ಲ. ಕೊಟ್ಟಿಗೆಗೆ ಹೋಗಿ ನಿಂತಿದ್ದಳು. ನಾನು ಬೇಲಿಯಿಂದ ನೋಡಿದೆ.

ಇನ್ನೊಂದು ವಿಷಯ. ಶನಿವಾರ ಸಿಇಟಿ ಫಲಿತಾಂಶ ಬಂತಲ್ಲ, ಗಾನವಿಗೆ ನರ್ಸಿಂಗಿಗೆ ಒಳ್ಳೆಯ ರ‍್ಯಾಂಕ್ ಬಂದಿದೆ. ಸರ್ಕಾರಿ ಕಾಲೇಜಿನಲ್ಲೇ ಸೀಟು ಸಿಗಬಹುದು, ಶಿವಮೊಗ್ಗದಂಥ ಹತ್ತಿರದ ಊರಲ್ಲೇ ಓದಬಹುದು ಅಂತ ಅವಳೇ ಹೇಳುತ್ತಿದ್ದಾಳೆ. ಜೂನ್ ಹದಿಮೂರರೊಳಗೆ ಒರಿಜಿನಲ್ ಕಾರ್ಡು ತೋರಿಸಬೇಕಂತೆ. ಈಗ ಅವಳದೇ ಮನಸ್ಸು ಎರಡಾಗಿದೆ. ನೀವು ಏನು ಹೇಳುತ್ತೀರೋ ಹಾಗೆ ಮಾಡುತ್ತಾಳೆ. ನನ್ನ ಮಾತು ಅವಳಿಗೆ ಬೇಡ.

ಜಾತಿ ಪ್ರಮಾಣಪತ್ರಕ್ಕೆ ಒರಿಜಿನಲ್ ಕಾರ್ಡು ತೋರಿಸಬೇಕು ಅಂತ ನಾಡಕಚೇರಿಯಲ್ಲಿ ಹೇಳಿದ್ದಾರೆ. ಎರಡು ದಿನಕ್ಕೆ ಬೀರುವಿನಿಂದ ತೆಗೆದು ಕೊಡುತ್ತೀರಾ? ನಾನೇ ಬಂದು ಒಯ್ಯುತ್ತೇನೆ.

ಕೆರಿಯಮ್ಮ


ತೀರ್ಥಹಳ್ಳಿ
2-6-2025

ಶ್ರೀಮತಿ ಕೆರಿಯಮ್ಮನವರಿಗೆ,

ಪ್ರಥಮ ಪಿಯುಸಿ ದಾಖಲಾತಿಯ ಕೆಲಸದಿಂದ ಉತ್ತರ ತಡವಾಯಿತು.

ಜಾತಿ ಪ್ರಮಾಣಪತ್ರಕ್ಕೆ ಜೆರಾಕ್ಸ್ ಸಾಕು. ಮೂರು ಪ್ರತಿಗಳಿಗೆ ಪ್ರಾಂಶುಪಾಲರ ದೃಢೀಕರಣ ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ. ನೀವು ಅಷ್ಟು ದೂರದಿಂದ ಮಳೆಯಲ್ಲಿ ಬರುವ ಅಗತ್ಯವಿಲ್ಲ.

ಸಿಇಟಿ ರ‍್ಯಾಂಕ್ ಬಗ್ಗೆ ಸಂತೋಷ. ಆದರೆ ಸರ್ಕಾರಿ ಸೀಟು ಸಿಕ್ಕೇ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. ಕೈಯಲ್ಲಿರುವ ಅವಕಾಶವನ್ನು ಬಿಡುವ ಮೊದಲು ಯೋಚಿಸಬೇಕು. ಗಾನವಿಗೆ ಇದನ್ನೇ ಹೇಳಿ.

ಲಿಖಿತಾಳ ವಿಷಯ ವಿಚಾರಿಸುತ್ತೇನೆ.

ನಿರಂಜನ


ಕೆರೆಗದ್ದೆ
5-6-2025, ಗುರುವಾರ

ಮೇಷ್ಟ್ರೇ,

ನಾಡಕಚೇರಿಯಲ್ಲಿ ಯಾರೂ ಒರಿಜಿನಲ್ ಕೇಳಿರಲಿಲ್ಲ. ನಾನು ಸುಳ್ಳು ಬರೆದಿದ್ದೆ. ಕಾರ್ಡುಗಳನ್ನು ನನ್ನ ಕೈಯಲ್ಲಿ ಹಿಡಿದು ನೋಡಬೇಕಾಗಿತ್ತು, ಅಷ್ಟೇ. ಬರುವ ಅಗತ್ಯವಿಲ್ಲ ಅಂತ ನೀವು ಬರೆದದ್ದನ್ನು ಓದಿದ ಮೇಲೆ ಬರದೇ ಇರಲು ಆಗಲಿಲ್ಲ.

ನಿನ್ನೆ ನಿಮ್ಮ ಕಾಲೇಜಿಗೆ ಬಂದಿದ್ದೆ. ನೀವು ರಜೆ ಅಂದರು. ಆದರೆ ನಿಮ್ಮ ಬೈಕು ಸೈಕಲ್ ಸ್ಟ್ಯಾಂಡಿನಲ್ಲಿತ್ತು. ಇರಲಿ. ಅಟೆಂಡರ್ ಹೂವಪ್ಪ ಒಬ್ಬರೇ ನಿಮ್ಮ ಮಾರ್ಗದರ್ಶನದ ಕೋಣೆಯಲ್ಲಿ ಚಾರ್ಟಿಗೆ ಅಂಟು ಹಚ್ಚುತ್ತಿದ್ದರು. ನಾನು ಬಾಗಿಲಲ್ಲೇ ಕೂತೆ. ಊಟಕ್ಕೂ ಏಳಲಿಲ್ಲ. ಎರಡು ಗಂಟೆಗೆ ಅವರಿಗೇ ಬೇಜಾರಾಯಿತು.

"ನೋಡಮ್ಮಾ, ನಂಗೆ ಕೀಲಿ ಮಾತ್ರ ಕೊಟ್ಟಿರೋದು. ಒಳಗಿನ ಕಾಗ್ದಕ್ಕೆ ನಾನು ಜವಾಬ್ದಾರಿ ಅಲ್ಲ."

"ಕಾಗ್ದ ಬೇಡ. ನೋಡಿ ಹೋಗ್ತೀನಿ."

"ನೋಡಿದ್ ಮೇಲೆ ಕೂಗಾಡಬಾರ್ದು ಮತ್ತೆ."

ಆಗಲೇ ನನಗೆ ಗೊತ್ತಾಯಿತು ಮೇಷ್ಟ್ರೇ. ಬೀರು ತೆಗೆಯುವ ಮೊದಲೇ.

ಗಾನವಿಯ ಹೆಸರು ಬರೆದ ಫೈಲು ಇತ್ತು. ಒಳಗೆ ಏನೂ ಇರಲಿಲ್ಲ. ಇನ್ನೂ ಆರು ಫೈಲು ಹಾಗೇ ಖಾಲಿ. ಕೆಳಗಿನ ಅರೆಯಲ್ಲಿದ್ದ ರಿಜಿಸ್ಟರನ್ನು ಹೂವಪ್ಪ ತೆಗೆದು ತೋರಿಸಿದರು. ಮೇ ಒಂಬತ್ತನೇ ತಾರೀಖು, ಏಳು ಮಕ್ಕಳ ಮೂಲ ದಾಖಲೆ ಪಡೆದಿದ್ದೇನೆ, ಗಿರಿಧರ ಅಂತ ರುಜು. ಅದರ ಜೊತೆ ಪಿನ್ ಮಾಡಿದ ಹಾಳೆಯಲ್ಲಿ ನನ್ನ ರುಜು. ದಾಖಲೆ ಕೊಡಲು ನಮ್ಮ ಒಪ್ಪಿಗೆ ಇದೆ ಎಂದು ಮೇಲೆ ಅಚ್ಚು ಹಾಕಿದೆ. ಶಿಬಿರದ ದಿನ ಅದನ್ನು ಪೋಷಕರ ಹಾಜರಿ ಅಂತ ಕೊಟ್ಟಿದ್ದರು. ಮೇಲಿನ ಅರ್ಧ ಮಡಚಿತ್ತು. ಹೆಬ್ಬೆಟ್ಟು ಒತ್ತುವವರ ಮಧ್ಯೆ ನಾನು ನಿಧಾನಕ್ಕೆ, ಒತ್ತಕ್ಷರ ತಪ್ಪದ ಹಾಗೆ ರುಜು ಹಾಕಿದ್ದೆ. ಹೆಮ್ಮೆಪಟ್ಟಿದ್ದೆ ಕೂಡ.

ಮೇ ಒಂಬತ್ತಕ್ಕೆ ಹೋದ ಕಾರ್ಡು ಮೇ ಹದಿನೇಳಕ್ಕೆ ನಿಮ್ಮ ಕಾಗದದಲ್ಲಿ ಬೀರುವಿನೊಳಗೆ ಭದ್ರವಾಗಿತ್ತು.

ನಾನು ನಿಮಗೆ ಹೇಳದೇ ಇದ್ದ ಒಂದು ಸಂಗತಿ ಇದೆ. ಏಳನೆಯದು ಅರ್ಧ ಓದಿದ್ದೇನೆ ಅಂದೆನಲ್ಲ, ಅರ್ಧ ಯಾಕೆ ಅಂತ ನೀವು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯ ಮೇಷ್ಟ್ರು ಬಹಳ ಒಳ್ಳೆಯವರು. ಚುರುಕಾದ ಹುಡುಗಿ, ಇಲ್ಲಿದ್ದರೆ ಹಾಳಾಗುತ್ತಾಳೆ ಅಂತ ಪೇಟೆಯ ದೊಡ್ಡ ಮನೆಯೊಂದಕ್ಕೆ ನನ್ನನ್ನು ಕಳಿಸಿದರು. ಅವರು ಓದಿಸುತ್ತಾರೆ ಅಂದರು. ಒಂದು ವರ್ಷ ಎರಡು ತಿಂಗಳು ಆ ಮನೆಯಲ್ಲಿದ್ದೆ. ಪುಸ್ತಕದ ಚೀಲವನ್ನು ಅಟ್ಟದ ಮೇಲೆ ಇಟ್ಟಿದ್ದರು, ನನ್ನ ಕೈಗೆ ಸಿಗದ ಹಾಗೆ. ಅಪ್ಪ ಬಂದು ಕರೆದುಕೊಂಡು ಹೋದರು. ಟಿಸಿ ಮಾತ್ರ ಆ ಮನೆಯಲ್ಲೇ ಉಳಿಯಿತು. ಟಿಸಿ ಇಲ್ಲದೆ ಯಾವ ಶಾಲೆಯೂ ಸೇರಿಸಿಕೊಳ್ಳಲಿಲ್ಲ. ನಮ್ಮ ಮೇಷ್ಟ್ರು ಆಮೇಲೂ ಸಂತೆಯಲ್ಲಿ ಸಿಕ್ಕಾಗ, "ಏನೇ ಕೆರಿಯಾ, ಪೇಟೆಗೆ ಹೋಗಿ ದೊಡ್ಡ ಮನ್ಷಿ ಆದ್ಯಾ?" ಅಂತ ತಲೆ ಸವರುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ.

ನೀವು ಹಾಗಲ್ಲ ಅಂದುಕೊಂಡಿದ್ದೇನೆ. ಗಾನವಿ ಆ ಗಾಡಿ ಹತ್ತುವುದಿಲ್ಲ. ಅವಳಿಗೆ ಎಲ್ಲ ಹೇಳಿದ್ದೇನೆ. ಮೊದಲು ಕೂಗಾಡಿದಳು, ಆಮೇಲೆ ಅತ್ತಳು. ಈಗ ಸರ್ಕಾರಿ ಸೀಟು ಒಂದೇ ಅವಳ ಬಾಯಲ್ಲಿ. ಆದರೆ ಹದಿಮೂರರೊಳಗೆ ಕಾರ್ಡು ಬೇಕು. ಇಲ್ಲದಿದ್ದರೆ ನನ್ನ ಹಾಗೆ ಅರ್ಧಕ್ಕೇ ನಿಲ್ಲುತ್ತಾಳೆ. ಕಾರ್ಡು ಕೊಟ್ಟವರು ನೀವು. ತರಿಸಿಕೊಡುವವರೂ ನೀವೇ.

ಲಿಖಿತಾ ಎಲ್ಲಿದ್ದಾಳೆ ಅನ್ನುವುದನ್ನೂ ಬರೆಯಿರಿ. ಯಾರೋ ತಿಳಿಸಿದ್ದು ಬೇಡ. ನೀವು ಕೇಳಿ ತಿಳಿದದ್ದು.

ಕೆರಿಯಮ್ಮ


ತೀರ್ಥಹಳ್ಳಿ
6-6-2025, ಶುಕ್ರವಾರ

ಕೆರಿಯಮ್ಮನವರೇ,

ಬಸ್ಸಿನವರ ಕೈಯಲ್ಲಿ ಕಳಿಸಿದ ನಿಮ್ಮ ಕಾಗದ ಇಂದು ಬೆಳಿಗ್ಗೆ ಸಿಕ್ಕಿತು. ಮೊನ್ನೆ ನೀವು ಬಾಗಿಲಲ್ಲಿ ಕೂತಿದ್ದಾಗ ನಾನು ಲ್ಯಾಬಿನಲ್ಲಿದ್ದೆ. ಹೊರಗೆ ಬರಲು ಧೈರ್ಯವಾಗಲಿಲ್ಲ.

ನಾನು ಹಣ ಪಡೆದಿಲ್ಲ. ಇದನ್ನು ಮೊದಲು ನಂಬಿ. ಉತ್ತಮ ಮಾರ್ಗದರ್ಶಕ ಎಂದು ಒಂದು ಫಲಕ ಕೊಟ್ಟು ಶಾಲು ಹೊದಿಸಿದ್ದರು. ಅಷ್ಟಕ್ಕೇ ನಾನು ಕಣ್ಣು ಮುಚ್ಚಿದೆ. ದಾಖಲೆ ಬೇಗ ಕೊಟ್ಟರೆ ಸೀಟು ಖಾತ್ರಿ ಎಂದರು, ಕೊಟ್ಟೆ. ನೀವು ಕೇಳಿದಾಗ ವಾಪಸ್ ತರಿಸಿ ಬೀರುವಿನಲ್ಲಿಟ್ಟರೆ ಬರೆದದ್ದು ನಿಜವಾಗುತ್ತದೆ ಎಂದುಕೊಂಡೆ.

ಮೇ ತಿಂಗಳ ಕೊನೆಯ ನಿಮ್ಮ ಕಾಗದ ಬಂದ ಮೇಲೆ ಆ ಕಾಲೇಜಿಗೆ ನಾನೇ ಫೋನ್ ಮಾಡಿದ್ದೆ. ಹೋದ ವರ್ಷ ಸೇರಿದವರ ಪಟ್ಟಿಯಲ್ಲಿ ಲಿಖಿತಾಳ ಹೆಸರಿಲ್ಲ. ತರಬೇತಿಗೆ ಹೊರಗೆ ಕಳಿಸಿದ್ದೇವೆ ಎಂದರು. ಎಲ್ಲಿಗೆ ಎಂದರೆ, ವಯಸ್ಸಾದವರನ್ನು ನೋಡಿಕೊಳ್ಳಲು ಬೇರೆ ಬೇರೆ ಮನೆಗಳಿಗೆ ಎಂದರು. ಯಾವ ಮನೆ, ಯಾವ ಊರು ಎಂದಾಗ ಇಟ್ಟುಬಿಟ್ಟರು. ಆಮೇಲೆ ಮಾನ್ಯತೆ ಪಡೆದ ನರ್ಸಿಂಗ್ ಕಾಲೇಜುಗಳ ಪಟ್ಟಿ ತೆಗೆದು ನೋಡಿದೆ. ಎರಡು ವರ್ಷದಿಂದ ಆ ಕಾಲೇಜಿನ ಹೆಸರು ಅದರಲ್ಲಿ ಇಲ್ಲ. ಪಟ್ಟಿ ನೋಡಲು ಮಕ್ಕಳಿಗೆ ಕಲಿಸುವವನು ನಾನು. ನಾನೇ ನೋಡಿರಲಿಲ್ಲ. ಇದು ತಿಳಿದ ಮೇಲೂ ಜೂನ್ ಎರಡರಂದು ನಿಮಗೆ ಆ ಕಾಗದ ಬರೆದೆ.

ಇಂದು ಬೆಳಿಗ್ಗೆ ಗಿರಿಧರನಿಗೆ ಫೋನ್ ಮಾಡಿ, ಗಾನವಿಯ ಮನೆಯವರು ಒಪ್ಪುತ್ತಿಲ್ಲ, ಹದಿಮೂರರೊಳಗೆ ಅವಳಿಗೆ ಕಾರ್ಡು ಬೇಕು, ಕಳಿಸಿಕೊಡಿ ಎಂದೆ. ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಬಹಳ ಮೃದುವಾಗಿ, "ಆಗ್ಲಿ ಸರ್, ಅದಕ್ಕೇನಂತೆ. ಹುಡುಗಿ ನಂಬರ್ ನಮ್ಮತ್ರ ಇದೆಯಲ್ಲ" ಎಂದ. ಫೋನ್ ಇಟ್ಟ ಮೇಲೆ ನನಗೆ ಹೊಳೆಯಿತು. ಅವಳಿಗೆ ಏನು ಬೇಕು, ಯಾವ ತಾರೀಖಿನೊಳಗೆ ಬೇಕು ಎಂದು ನಾನೇ ಅವನಿಗೆ ಹೇಳಿಕೊಟ್ಟ ಹಾಗಾಯಿತು. ಆಮೇಲೆ ಗಂಟೆಗೊಮ್ಮೆ ಅವನ ಫೋನ್ ಬರುತ್ತಿದೆ. ಎತ್ತಲಾರದೆ ಸ್ವಿಚ್ ಆಫ್ ಮಾಡಿದ್ದೇನೆ.

ಆದ್ದರಿಂದ ಇದನ್ನು ಗಮನವಿಟ್ಟು ಓದಿ. ಯಾರು ಕರೆದರೂ ಗಾನವಿಯನ್ನು ಎಲ್ಲಿಗೂ ಕಳಿಸಬೇಡಿ. ನನ್ನ ಹೆಸರಿನಲ್ಲಿ ಫೋನ್ ಬಂದರೂ, ಮೆಸೇಜ್ ಬಂದರೂ ನಂಬಬೇಡಿ. ನಾನು ಹೇಳುವುದನ್ನೆಲ್ಲ ನೀವು ಕೇಳಿದ ಹಾಗೆ ಕಾಗದದಲ್ಲೇ ಬರೆಯುತ್ತೇನೆ. ಸೋಮವಾರ ಶಿವಮೊಗ್ಗಕ್ಕೆ ಹೋಗಿ ನಕಲು ಅಂಕಪಟ್ಟಿಗೆ ಅರ್ಜಿ ಕೊಡುತ್ತೇನೆ. ಸಂಜೆ ಆರಕ್ಕೆ ತೀರ್ಥಹಳ್ಳಿಗೆ ಬಂದು, ಪ್ರಾಂಶುಪಾಲರಿಗೆ ಎಲ್ಲ ಹೇಳಿ, ಅವರೊಂದಿಗೇ ಪೊಲೀಸರಿಗೆ ದೂರು ಕೊಡುತ್ತೇನೆ. ಉಳಿದ ಆರು ಮಕ್ಕಳ ಮನೆಗೂ ಬರೆಯುತ್ತಿದ್ದೇನೆ.

ನಿರಂಜನ


ಹೊಸನಗರ ಬಸ್ ಸ್ಟ್ಯಾಂಡ್
9-6-2025, ಸೋಮವಾರ, ಮಧ್ಯಾಹ್ನ ಎರಡೂವರೆ

ಮೇಷ್ಟ್ರೇ,

ನಿಮ್ಮ ಶು‌ಕ್ರವಾರದ ಕಾಗದ ಇವತ್ತು ಹನ್ನೆರಡು ಗಂಟೆಗೆ ಅಂಗನವಾಡಿಗೆ ಬಂತು. ಶನಿವಾರ ಹಬ್ಬದ ರಜೆ, ನಿನ್ನೆ ಭಾನುವಾರ. ನಾನೇ ತಾನೇ ಕಾಗದದಲ್ಲಿ ಬರೆಯಿರಿ ಅಂದವಳು.

ನಿನ್ನೆ ಸಂಜೆ ಏಳೂ ಕಾಲಿಗೆ ಗಾನವಿಯ ಫೋನಿಗೆ ಮೆಸೇಜ್ ಬಂದಿತ್ತು. ದರೆಯಿಂದ ಓಡಿ ಇಳಿದು ಬಂದಳು, ಕೆಸರಲ್ಲಿ ಚಪ್ಪಲಿ ಕಿತ್ತುಹೋಗಿತ್ತು, ಅದೂ ಗೊತ್ತಿಲ್ಲ ಅವಳಿಗೆ. "ಅಮ್ಮಾ, ಕಾರ್ಡು ಸಿಕ್ತಂತೆ! ಸರ್ ಮೆಸೇಜ್ ಮಾಡಿದಾರೆ" ಅಂತ ಓದಿ ಹೇಳಿದಳು. ಅದರಲ್ಲಿ, ‘ನಾನು ನಿರಂಜನ ಸರ್, ಇದು ನನ್ನ ಹೊಸ ನಂಬರ್, ನಿನ್ನ ಒರಿಜಿನಲ್‌ಗಳನ್ನು ವಾಪಸ್ ಪಡೆದಿದ್ದೇನೆ, ನಾಳೆ ಹತ್ತು ಗಂಟೆಗೆ ಸಾಗರದ ಬಸ್ ಸ್ಟ್ಯಾಂಡಿಗೆ ಬಂದರೆ ಕೈಗೇ ಕೊಡುತ್ತೇನೆ, ಹಾಗೇ ಸರ್ಕಾರಿ ಸೀಟಿನ ಅರ್ಜಿಯನ್ನೂ ಅಲ್ಲೇ ಸರಿಮಾಡೋಣ, ಅಮ್ಮನಿಗೆ ನನ್ನ ಕ್ಷಮೆ ತಿಳಿಸು’ ಅಂತ ಇತ್ತು.

ಕ್ಷಮೆ ಅಂತ ಇದ್ದದ್ದಕ್ಕೇ ನಾನು ನಂಬಿದೆ. ಕಾರ್ಡು ಕೇಳಿದವಳು ನಾನು, ಬೈದು ಬರೆದವಳು ನಾನು. ಅದು ಇನ್ಯಾರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಪಾಪ ಮೇಷ್ಟ್ರು, ನಾನು ಅಷ್ಟು ಕಟುವಾಗಿ ಬರೆಯಬಾರದಿತ್ತು ಅಂತ ಅವಳ ಹತ್ತಿರ ಹೇಳಿದೆ ಕೂಡ.

ಬೆಳಿಗ್ಗೆ ನಾನೂ ಬರುತ್ತೇನೆ ಅಂದೆ. "ಅಂಗನವಾಡಿಗೆ ಇವತ್ತು ಮೊಟ್ಟೆ ಬರೋ ದಿನ ಅಲ್ವಾ, ಬೇಡಮ್ಮಾ, ಸಂಜೆ ಒಳಗೆ ಬರ್ತೀನಿ" ಅಂದಳು. ಹೌದಲ್ಲ ಅಂದೆ. ಜೀವಮಾನವಿಡೀ ಎಲ್ಲದಕ್ಕೂ ಹೆದರಿದವಳು ಇವತ್ತು ಬೆಳಿಗ್ಗೆ ಹೆದರಲಿಲ್ಲ ಮೇಷ್ಟ್ರೇ. ನಾನೇ ತಲೆ ಬಾಚಿದೆ. ನಾನೇ ಏಳೂವರೆಯ ಬಸ್ಸಿಗೆ ಹತ್ತಿಸಿದೆ. ಕಾರ್ಡು ಮಡಚಬಾರದು ಅಂತ ಎರಡು ರಟ್ಟು ಕೊಟ್ಟು ಕಳಿಸಿದೆ.

ನಿಮ್ಮ ಕಾಗದ ಓದಿದ ಮೇಲೆ ಹುಲಿಯಮ್ಮನ ಫೋನಿನಿಂದ ನಿಮಗೆ ಎಂಟು ಸಲ ಮಾಡಿದೆ. ಸ್ವಿಚ್ ಆಫ್. ಆ ಹೊಸ ನಂಬರ್ ಗಾನವಿಯ ಫೋನಿನಲ್ಲಿ ಮಾತ್ರ ಇದೆ. ಗಾನವಿಗೆ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಒಂದು ಸಲ ಎತ್ತಿದರು. "ಗಾನೂ, ಎಲ್ಲಿದೀಯೇ?" ಅಂದೆ. ಗಾಡಿ ಓಡುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು.

ಗಾನವಿಯ ಅಪ್ಪ ಠಾಣೆಯಲ್ಲಿ ಕೂತಿದ್ದಾರೆ. ಪೊಲೀಸರು ದೂರು ಬರೆದುಕೊಂಡಿದ್ದಾರೆ, ಗಾಡಿ ಹುಡುಕಲು ಎಲ್ಲ ಕಡೆ ತಿಳಿಸುತ್ತಾರಂತೆ. ಆದರೆ ಕರೆದದ್ದು ಮೇಷ್ಟ್ರೇನಾ, ಅವರ ಹೆಸರಿನಲ್ಲಿ ಬೇರೆಯವರಾ ಅನ್ನುವುದು ಮೊದಲು ತಿಳಿಯಬೇಕು ಅಂದರಂತೆ. ನಿಮ್ಮನ್ನು ಹುಡುಕುತ್ತಿದ್ದಾರೆ. ನೀವು ಶಿವಮೊಗ್ಗದಲ್ಲಿ ಯಾವ ಕಚೇರಿಯಲ್ಲಿದ್ದೀರೋ ಯಾರಿಗೂ ಗೊತ್ತಿಲ್ಲ.

ನಾನು ಮೂರು ಗಂಟೆಯ ಬಸ್ಸಿಗೆ ಸಾಗರಕ್ಕೆ ಹೋಗುತ್ತೇನೆ. ಹುಲಿಯಮ್ಮ ಪಕ್ಕದಲ್ಲಿ ಕೂತಿದ್ದಾಳೆ. ನಿಮ್ಮ ಕಾಗದದಲ್ಲಿ ಲಿಖಿತಾಳ ಬಗ್ಗೆ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. ಕೊಟ್ಟಿಗೆ ಬಾಗಿಲು ಹಾಕಿ, ಸೀರೆ ಬದಲಾಯಿಸಿ ಬಂದಳು.

ಈ ಕಾಗದವನ್ನು ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಸಂಜೆ ಆರಕ್ಕೆ ಬಂದಿಳಿಯುತ್ತೀರಿ ಅಂತ ಬರೆದಿದ್ದೀರಲ್ಲ, ಕಾಲೇಜಿಗೆ ಫೋನ್ ಮಾಡಿ ಹೇಳಿದ್ದೇನೆ, ನಿಲ್ದಾಣದಲ್ಲೇ ಹೂವಪ್ಪ ನಿಂತು ನಿಮ್ಮ ಕೈಗೆ ಕೊಡುತ್ತಾರೆ. ಓದಿದ ಕೂಡಲೇ ಹುಲಿಯಮ್ಮನ ನಂಬರಿಗೆ ಫೋನ್ ಮಾಡಿ. ನಂಬರನ್ನು ಈ ಹಾಳೆಯ ಹಿಂದೆ ಬರೆದಿದ್ದೇನೆ.

ಶುಕ್ರವಾರ ಕಾಗದ ಬರೆದ ಮೇಲೆ ನಿಮಗೆ ಕಾರ್ಡು ಸಿಕ್ಕಿರಬಹುದು. ನನಗೆ ತಿಳಿಸಲು ತಡವಾಗುತ್ತದೆ ಅಂತ ಹೊಸ ಸಿಮ್ ಹಾಕಿ ನೀವೇ ಮೆಸೇಜ್ ಮಾಡಿರಬಹುದು. ಸಾಗರದಲ್ಲಿ ಅವಳಿಗೆ ಕಾರ್ಡು ಕೊಟ್ಟು, ಅರ್ಜಿ ಕೆಲಸಕ್ಕೆ ಅಂತ ನೀವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿರಬಹುದು. ಹಾಗಾಗಿದ್ದರೆ ನನ್ನನ್ನು ಹುಚ್ಚಿ ಅನ್ನಿ, ಸ್ಟಾಫ್ ರೂಮಿನಲ್ಲಿ ಈ ಕಾಗದವನ್ನೂ ಎಲ್ಲರಿಗೂ ತೋರಿಸಿ ನಗಿ, ನನಗೆ ಬೇಜಾರಿಲ್ಲ.

ನಿಮ್ಮ ಫೋನ್ ಆನ್ ಮಾಡಿ ಮೇಷ್ಟ್ರೇ. ನಿನ್ನೆ ಸಂಜೆ ಏಳೂ ಕಾಲಿಗೆ ನೀವು ಗಾನವಿಗೆ ಕಳಿಸಿದ ಮೆಸೇಜ್ ಅದರಲ್ಲಿ ಇದೆಯೋ ಇಲ್ಲವೋ, ಇನ್ನೊಂದು ಸಲ ಸರಿಯಾಗಿ ನೋಡಿ.

ಕೆರಿಯಮ್ಮ